ಮಗನಿಗೆ ಸ್ಟಿಕ್ ಬೇಡವೆಂದ ಹಾಕಿ ಮಾಂತ್ರಿಕ

ಮಳೆ ಹಿಂದೆ ಸರಿದು ಮೈದಾನದ ಕೆಸರು ಒಣಗುತ್ತಿದ್ದ ಹಾಗೆ ಆಟದ ಹೊಸ ಸೀಸನ್ ಶುರು. ಕೋಟೆ ರಸ್ತೆಯಲ್ಲಿ ಅಂಗಡಿ ಇಟ್ಟವರಿರಲಿ, ಭದ್ರಾವತಿಯಿಂದ ದಿನಾ ಬಸ್ಸಿನಲ್ಲಿ ಓಡಾಡುವವರಿರಲಿ, ಮನೆಯ ಹುಡುಗ ಹಾಕಿ ಸ್ಟಿಕ್ ಬೇಕೆಂದು ಹಟ ಹಿಡಿದರೆ ಅಪ್ಪನ ಬಾಯಲ್ಲಿ ಬರೋದು ಒಂದೇ ಪ್ರಶ್ನೆ. ಆಟ ಆಡಿದರೆ ಹೊಟ್ಟೆ ತುಂಬತ್ತಾ?

ಈ ಪ್ರಶ್ನೆ ಕೇಳಿದ ಅಪ್ಪಂದಿರಲ್ಲಿ ಜಗತ್ತು ಕಂಡ ಅತಿ ದೊಡ್ಡ ಹಾಕಿ ಆಟಗಾರನೂ ಒಬ್ಬ ಎಂದರೆ ನಂಬೋದು ಕಷ್ಟ. ಆದರೆ ಸಂಗತಿ ನಿಜ. ಆತ ಮೇಜರ್ ಧ್ಯಾನ್‌ಚಂದ್.

ಹುಟ್ಟಿದ್ದು 1905ರ ಆಗಸ್ಟ್ 29ರಂದು, ಅಲಹಾಬಾದಿನಲ್ಲಿ. ಸೈನ್ಯದಲ್ಲಿದ್ದ ತಂದೆ ಸಮೇಶ್ವರ ಸಿಂಗ್ ಕೂಡ ಹಾಕಿ ಆಡುತ್ತಿದ್ದವರೇ. ನೌಕರಿಯಲ್ಲಿ ಊರಿಂದೂರಿಗೆ ವರ್ಗ. ಆ ಓಡಾಟದಲ್ಲಿ ಮಗನ ಓದು ಆರು ವರ್ಷಕ್ಕೇ ನಿಂತುಹೋಯಿತು. ಕಡೆಗೆ ಸಂಸಾರ ನೆಲೆ ನಿಂತದ್ದು ಝಾನ್ಸಿಯಲ್ಲಿ. ಅಪ್ಪನಿಗೆ ಹಾಕಿ ಹುಚ್ಚಿದ್ದರೂ ಹುಡುಗನಿಗೆ ಆಗ ಇಷ್ಟವಾಗಿದ್ದದ್ದು ಕುಸ್ತಿ!

1922ರಲ್ಲಿ ಹದಿನೇಳು ತುಂಬಿದ ಹುಡುಗ ಸೈನ್ಯಕ್ಕೆ ಸಾದಾ ಸಿಪಾಯಿಯಾಗಿ ಸೇರಿದ. ಅಲ್ಲಿ ಸುಬೇದಾರ್ ಮೇಜರ್ ಬಾಲೆ ತಿವಾರಿ ಎಂಬ ಹಾಕಿ ಪ್ರೇಮಿಯ ಕಣ್ಣಿಗೆ ಬಿದ್ದ. ಕೈಗೆ ಸ್ಟಿಕ್ ಬಂತು. ಹಗಲೆಲ್ಲ ಡ್ಯೂಟಿ, ರಾತ್ರಿ ಚಂದ್ರ ಮೂಡಿದ ಮೇಲೆ ಅಭ್ಯಾಸ. ಧ್ಯಾನ್ ಸಿಂಗ್ ಎಂಬ ಹೆಸರು ಧ್ಯಾನ್‌ಚಂದ್ ಆದದ್ದು ಆ ಬೆಳದಿಂಗಳ ಅಭ್ಯಾಸದಿಂದಲೇ ಎಂದು ಹೇಳುವುದುಂಟು.

1926ರಲ್ಲಿ ಸೈನ್ಯದ ತಂಡ ನ್ಯೂಜಿಲೆಂಡಿಗೆ ಹೋಯಿತು. ಆಡಿದ 21 ಪಂದ್ಯಗಳಲ್ಲಿ 18 ಗೆದ್ದು ಬಂತು. ಎರಡು ವರ್ಷದ ಮೇಲೆ ಆಮ್‌ಸ್ಟರ್‌ಡ್ಯಾಮ್ ಒಲಿಂಪಿಕ್ಸ್. ಬೊಂಬಾಯಿಯ ಬಂದರಿನಲ್ಲಿ ಆ ತಂಡವನ್ನು ಬೀಳ್ಕೊಡಲು ಬಂದವರು ಮೂರೇ ಮೂರು ಜನ! ಅದೇ ತಂಡ ಫೈನಲ್‌ನಲ್ಲಿ ಹಾಲೆಂಡನ್ನು 3-0ಯಿಂದ ಬಡಿದು ಚಿನ್ನದ ಪದಕ ಹೊತ್ತು ತಂದಾಗ ಅದೇ ಬಂದರಿನಲ್ಲಿ ಸಾವಿರಾರು ಜನ. ಒಟ್ಟು 14 ಗೋಲು ಹೊಡೆದದ್ದು ಧ್ಯಾನ್‌ಚಂದ್. ಗೆದ್ದ ಮೇಲೆ ಹಾರ ಹಿಡಿದು ಬರುವ ಚಾಳಿ ಇವತ್ತಿನದಲ್ಲ.

1932ರಲ್ಲಿ ಲಾಸ್ ಏಂಜಲೀಸ್. ತಂಡದ ಖರ್ಚಿಗೆ ದುಡ್ಡಿಲ್ಲ. ದಾರಿಯುದ್ದಕ್ಕೂ ಪ್ರದರ್ಶನ ಪಂದ್ಯ ಆಡಿ ಕಾಸು ಕೂಡಿಸಬೇಕಾಯಿತು. ಅಲ್ಲಿ ಅಮೆರಿಕಾದ ಮೇಲೆ ಬಂದ ಸ್ಕೋರು 24-1. ತಮ್ಮ ರೂಪ್ ಸಿಂಗ್ 10 ಗೋಲು, ಅಣ್ಣ 8 ಗೋಲು. ಅಣ್ಣತಮ್ಮ ಇಬ್ಬರದ್ದೇ 18!

1936ರ ಬರ್ಲಿನ್‌ಗೆ ಧ್ಯಾನ್‌ಚಂದ್ ನಾಯಕ. ಒಲಿಂಪಿಕ್ಸ್‌ಗೆ ಮುಂಚೆ ಜರ್ಮನಿ ವಿರುದ್ಧದ ಅಭ್ಯಾಸ ಪಂದ್ಯದಲ್ಲಿ ತಂಡ 4-1ರಿಂದ ಸೋತು ಎಲ್ಲರ ನಿದ್ದೆ ಕೆಟ್ಟಿತ್ತು. ಕೂಡಲೇ ಊರಿಗೆ ತಾರ್ ಹೋಯಿತು, ದಾರಾ ಎಂಬ ಆಟಗಾರನನ್ನು ಕರೆಸಿಕೊಂಡರು. ಫೈನಲ್‌ನಲ್ಲಿ ಎದುರಾದದ್ದು ಅದೇ ಜರ್ಮನಿ. ಆಗಸ್ಟ್ 15ರಂದು ಅದೇ ತಂಡವನ್ನು 8-1ರಿಂದ ಸೋಲಿಸಿ ಮೂರನೇ ಚಿನ್ನ.

ಸಿಪಾಯಿಯಾಗಿ ಸೇರಿದವ ಮೇಜರ್ ಆಗಿ 1956ರಲ್ಲಿ ನಿವೃತ್ತಿ. ಅದೇ ವರ್ಷ ಪದ್ಮಭೂಷಣ. ಪಟಿಯಾಲದ ರಾಷ್ಟ್ರೀಯ ಕ್ರೀಡಾ ಸಂಸ್ಥೆಯಲ್ಲಿ ಕೋಚ್ ಕೆಲಸ. ಹಾರ ತುರಾಯಿ ಎಲ್ಲ ಆಯಿತು. ಆದರೆ ಹಾರದಿಂದ ರೇಷನ್ ಬರೋದಿಲ್ಲವಲ್ಲ! ಮನೆ ತುಂಬ ಮಕ್ಕಳು, ಕೈಯಲ್ಲಿ ಪೆನ್ಷನ್. ಹಾಕಿಯಲ್ಲಿ ಹೆಸರಿದೆ, ಸಂಸಾರ ಸಾಗಿಸುವಷ್ಟು ಕಾಸಿಲ್ಲ ಅನ್ನೋದನ್ನು ಧ್ಯಾನ್‌ಚಂದ್‌ಗಿಂತ ಚೆನ್ನಾಗಿ ಬಲ್ಲವರು ಯಾರು? ಹಾಗಾಗಿ ಗಂಡುಮಕ್ಕಳು ಸ್ಟಿಕ್ ಹಿಡಿದಾಗ ಆತ ಹಿಗ್ಗಲಿಲ್ಲ. ಓದಿ, ಕೆಲಸ ನೋಡಿಕೊಳ್ಳಿ ಎಂಬುದೇ ಆತನ ನಿಲುವು. 1950ರಲ್ಲಿ ಹುಟ್ಟಿದ ಮಗ ಅಶೋಕ್ ಕುಮಾರ್ ಇದನ್ನು ಮುಂದೆ ಎಷ್ಟೋ ಸಲ ಹೇಳಿಕೊಂಡಿದ್ದಾರೆ.

ಹಾಕಿ ಹುಚ್ಚಿನ ಅಪ್ಪನ ಮಗ ಕುಸ್ತಿ ಬಯಸಿದ್ದ. ಹಾಕಿ ಬೇಡವೆಂದ ಅಪ್ಪನ ಮಗ ಹಾಕಿಯನ್ನೇ ಬಯಸಿದ! ರಕ್ತದಲ್ಲಿ ಬಂದದ್ದನ್ನು ಕಟ್ಟಿಹಾಕೋದು ಹೇಗೆ? ಅಶೋಕ್ ಆಡಿದರು. 1973ರ ವಿಶ್ವಕಪ್‌ನಲ್ಲಿ ನಮ್ಮ ಕೊಡಗಿನ ಎಂ.ಪಿ. ಗಣೇಶ್ ನಾಯಕತ್ವದಲ್ಲಿ ಬೆಳ್ಳಿ ಗೆದ್ದ ತಂಡದಲ್ಲಿ ಧ್ಯಾನ್‌ಚಂದ್‌ರ ಈ ಮಗನೂ ಇದ್ದರು. 1975ರ ಕ್ವಾಲಾಲಂಪುರದ ತಂಡದಲ್ಲಿ ಅಶೋಕ್ ಜೊತೆಗಿದ್ದವರಲ್ಲಿ ಕೊಡಗಿನ ಬಿ.ಪಿ. ಗೋವಿಂದ, ಪಿ.ಇ. ಕಾಳಯ್ಯ ಇದ್ದರು.

ಆ ವರ್ಷದ ಸೆಮಿಫೈನಲ್‌ನಲ್ಲಿ ಮಲೇಷ್ಯಾ ಮುಂದೆ ಭಾರತ ಸೋಲುವ ಹಂತಕ್ಕೆ ಬಂದಿತ್ತು. ಆಟ ಮುಗಿಯಲು ಕೆಲವೇ ನಿಮಿಷ ಇದ್ದಾಗ ಸಮದ ಗೋಲು ಹೊಡೆದು ತಂಡವನ್ನು ಬದುಕಿಸಿದ್ದು ಅಸ್ಲಂ ಶೇರ್ ಖಾನ್. ಈತನ ತಂದೆ ಅಹ್ಮದ್ ಶೇರ್ ಖಾನ್ ಬರ್ಲಿನ್‌ನಲ್ಲಿ ಧ್ಯಾನ್‌ಚಂದ್ ತಂಡದಲ್ಲಿ ಆಡಿದ್ದವರು. ಮಾರ್ಚ್ 15ರ ಫೈನಲ್‌ನಲ್ಲಿ ಎದುರಾಳಿ ಪಾಕಿಸ್ತಾನ. ಮೊದಲ ಗೋಲು ಅವರದ್ದು. ಸುರ್ಜಿತ್ ಸಿಂಗ್ ಸಮ ಮಾಡಿದರು. ಆಮೇಲೆ ಅಶೋಕ್ ಹೊಡೆದ ಚೆಂಡು ಗೋಲಿನ ಕಂಬದ ಮೂಲೆಗೆ ಬಡಿದು ಹೊರಕ್ಕೆ ಪುಟಿಯಿತು. ಗೋಲಲ್ಲ ಎಂದು ಪಾಕಿಸ್ತಾನದವರ ಗಲಾಟೆ. ಮಲೇಷ್ಯಾದ ಅಂಪೈರ್ ವಿಜಯನಾಥನ್ ಜಗ್ಗಲಿಲ್ಲ, ಗೋಲು ಕೊಟ್ಟೇಬಿಟ್ಟರು. ಭಾರತ 2-1. ಬರ್ಲಿನ್‌ನ ಇಬ್ಬರು ಅಪ್ಪಂದಿರ ಇಬ್ಬರು ಮಕ್ಕಳು ಸೇರಿ ದೇಶಕ್ಕೆ ವಿಶ್ವಕಪ್ ತಂದಿದ್ದರು. ಪುರುಷರ ಹಾಕಿ ವಿಶ್ವಕಪ್ ಭಾರತಕ್ಕೆ ಬಂದದ್ದು ಅದೊಂದೇ ಸಲ.

ಮರುವರ್ಷವೇ ಮಾಂಟ್ರಿಯಲ್ ಒಲಿಂಪಿಕ್ಸ್. ಹುಲ್ಲಿನ ಜಾಗಕ್ಕೆ ಕೃತಕ ಹಾಸು ಬಂದಿತ್ತು. ಅಶೋಕ್ ಇದ್ದ ತಂಡ ಏಳನೇ ಸ್ಥಾನಕ್ಕೆ ಜಾರಿತು. 1928ರಿಂದ ಒಂದು ಸಲವೂ ಪದಕ ತಪ್ಪದ ಭಾರತ ಬರಿಗೈಲಿ ವಾಪಸ್. ಮೂರು ಚಿನ್ನ ತಂದ ತಂದೆ ಅದನ್ನೂ ಕಾಣಬೇಕಾಯಿತು. 1979ರ ಡಿಸೆಂಬರ್ 3ರಂದು ದೆಹಲಿಯ ಏಮ್ಸ್ ಆಸ್ಪತ್ರೆಯಲ್ಲಿ ಧ್ಯಾನ್‌ಚಂದ್ ಕಣ್ಣು ಮುಚ್ಚಿದ್ದು, ಯಕೃತ್ತಿನ ಕ್ಯಾನ್ಸರ್‌ನಿಂದ. ಅಂತ್ಯಸಂಸ್ಕಾರ ನಡೆದದ್ದು ಝಾನ್ಸಿಯ ಹೀರೋಸ್ ಮೈದಾನದಲ್ಲಿ.

ಸತ್ತ ಮೇಲೆ ಗೌರವಕ್ಕೆ ಬರವೇ ಇಲ್ಲ. ಅಂಚೆಚೀಟಿ ಬಂತು. ದೆಹಲಿಯ ಸ್ಟೇಡಿಯಂಗೆ ಹೆಸರಿಟ್ಟರು. ಹುಟ್ಟಿದ ದಿನ ರಾಷ್ಟ್ರೀಯ ಕ್ರೀಡಾ ದಿನವಾಯಿತು. 2021ರಲ್ಲಿ ಖೇಲ್ ರತ್ನ ಪ್ರಶಸ್ತಿಗೂ ಆತನದೇ ಹೆಸರು.

ಹಾಗಾದರೆ ಅಪ್ಪನ ಪ್ರಶ್ನೆಗೆ ಉತ್ತರ? ಮಗನಿಗೆ ಹಾಕಿಯಿಂದ ಇಂಡಿಯನ್ ಏರ್‌ಲೈನ್ಸ್‌ನಲ್ಲಿ ನೌಕರಿ ಸಿಕ್ಕಿತು. ಹೊಟ್ಟೆ ತುಂಬಿತು. ರೈಲ್ವೆ, ಸೈನ್ಯ, ಪೊಲೀಸು ಆಟಗಾರರಿಗೆ ಕೆಲಸ ಕೊಟ್ಟದ್ದರಿಂದಲೇ ಈ ದೇಶದಲ್ಲಿ ಹಾಕಿ ಉಸಿರಾಡಿದೆ. ಪಕ್ಕದ ಕೊಡಗಿನಲ್ಲಿ 1997ರಿಂದ ಕುಟುಂಬಗಳ ನಡುವಿನ ಹಾಕಿ ಹಬ್ಬ ನಡೆಯುತ್ತಾ ಬಂದಿದೆ. 60 ಕುಟುಂಬಗಳಿಂದ ಶುರುವಾದದ್ದು ಮುನ್ನೂರು ದಾಟಿದೆ. ಅಲ್ಲಿ ಅಪ್ಪ, ಮಗ, ಮಗಳು ಒಂದೇ ತಂಡದಲ್ಲಿ ಓಡುತ್ತಾರೆ.

ಧ್ಯಾನ್‌ಚಂದ್‌ಗೆ ಮುನಿಸಿದ್ದದ್ದು ಆಟದ ಮೇಲಲ್ಲ, ಆಡಿದವನನ್ನು ಮರೆಯುವ ಜನರ ಮೇಲೆ. ಈ ಸೀಸನ್‌ನಲ್ಲಿ ಹುಡುಗ ಸ್ಟಿಕ್ ಕೇಳಿದರೆ ಕೊಡಿಸಿ, ಪುಸ್ತಕವನ್ನೂ ಬಿಡಿಸಬೇಡಿ. ಹೊಟ್ಟೆ ತುಂಬತ್ತಾ ಎಂಬ ಪ್ರಶ್ನೆಯನ್ನು ಮಾತ್ರ ಹುಡುಗನಿಗೆ ಕೇಳಬೇಡಿ. ಮೈದಾನದ ಕೀಲಿ, ನೌಕರಿಯ ಕಾಗದ ಯಾರ ಕೈಲಿದೆಯೋ ಅವರನ್ನೇ ಕೇಳಿ.