ಸೌಮ್ಯ ದೈತ್ಯ ಜಾನ್ ಚಾರ್ಲ್ಸ್

ಕಾಲ್ಚೆಂಡಿನ ಆಟದಲ್ಲಿ ಗೋಲು ಹೊಡೆದವನ ಹೆಸರು ಮರುದಿನದ ಪತ್ರಿಕೆಯಲ್ಲಿ ಅಚ್ಚಾಗುತ್ತದೆ. ಗೋಲಾಗದಂತೆ ತಡೆದವನ ಹೆಸರು ಅಚ್ಚಾಗುವುದು ಅಪರೂಪ. ಹೊಡೆದದ್ದನ್ನು ಎಣಿಸಬಹುದು, ತಡೆದದ್ದನ್ನು ಎಣಿಸುವ ಬಗೆ ಯಾವುದು? ವೇಲ್ಸಿನ ಜಾನ್ ಚಾರ್ಲ್ಸನ ಜೀವನವೃತ್ತಾಂತವನ್ನು ಓದುವಾಗಲೆಲ್ಲ ಈ ಪ್ರಶ್ನೆ ನನ್ನನ್ನು ಕಾಡುತ್ತದೆ. ಈ ಎರಡು ಕೆಲಸಗಳಲ್ಲಿಯೂ ಆತ ತನ್ನ ಕಾಲದ ಯಾರಿಗೂ ಕಡಮೆಯಾದವನಲ್ಲ. ಆದರೆ ದಾಖಲೆಯ ಪುಸ್ತಕಗಳು ಒಂದರ ಲೆಕ್ಕವನ್ನಷ್ಟೇ ಇಟ್ಟಿವೆ.

ಆತ ಹುಟ್ಟಿದ್ದು 1931ನೆಯ ಡಿಸೆಂಬರ್ 27ರಂದು, ಸ್ವಾನ್ಸಿ ಪಟ್ಟಣದಲ್ಲಿ. ಲೋಹದ ಕಾರ್ಖಾನೆಗಳ ಹೊಗೆಯಲ್ಲಿ ಬೆಳೆದ ಊರು ಅದು. ಹದಿನಾಲ್ಕರ ವಯಸ್ಸಿಗೆ ಶಾಲೆ ಮುಗಿಸಿದ ಹುಡುಗ ಸ್ವಾನ್ಸಿ ಟೌನ್ ಕ್ಲಬ್ಬಿನ ಮೈದಾನದ ಚಾಕರಿಗೆ ಸೇರಿದ. ಊರಿನ ಕ್ಲಬ್ಬು ಆತನನ್ನು ಮೊದಲ ತಂಡದಲ್ಲಿ ಒಮ್ಮೆಯೂ ಆಡಿಸಲಿಲ್ಲ. ಹುಡುಗನ ಯೋಗ್ಯತೆಯನ್ನು ಕಂಡುಕೊಂಡದ್ದು ದೂರದ ಯಾರ್ಕ್‌ಷೈರಿನ ಲೀಡ್ಸ್ ಯುನೈಟೆಡ್. ಅಲ್ಲಿನ ಮ್ಯಾನೇಜರ್ ಮೇಜರ್ ಫ್ರ್ಯಾಂಕ್ ಬಕ್ಲಿ ಆತನನ್ನು ಬಲಗಡೆಯ ಬ್ಯಾಕ್ ಆಗಿ ಆಡಿಸಿ ನೋಡಿದ, ಎಡಗಡೆಯ ಹಾಫ್ ಆಗಿ ನೋಡಿದ, ಕೊನೆಗೆ ಸೆಂಟರ್ ಹಾಫ್ ಸ್ಥಾನದಲ್ಲಿ ನಿಲ್ಲಿಸಿದ. ತನ್ನ ಗೋಲಿನ ಮುಂದೆ ನಡುವೆ ನಿಂತು ಎದುರಾಳಿಗಳ ಮುಂದಾಳನ್ನು ತಡೆಯುವುದು ಈ ಸ್ಥಾನದವನ ಹೊಣೆ.

1949ರ ಏಪ್ರಿಲಿನಲ್ಲಿ ಸ್ಕಾಟ್ಲೆಂಡಿನ ಕ್ವೀನ್ ಆಫ್ ದಿ ಸೌತ್ ತಂಡದೊಡನೆ ಒಂದು ಸ್ನೇಹಪಂದ್ಯ ನಡೆಯಿತು. ಆ ತಂಡದ ಬಿಲ್ಲಿ ಹ್ಯೂಲಿಸ್ಟನ್ ಕೆಲವೇ ದಿನಗಳ ಹಿಂದೆ ವೆಂಬ್ಲಿಯಲ್ಲಿ ಇಂಗ್ಲೆಂಡಿನ ರಕ್ಷಣೆಯನ್ನು ತತ್ತರಗೊಳಿಸಿ ಬಂದಿದ್ದ. ಅವನೆದುರು ಬಕ್ಲಿ ನಿಲ್ಲಿಸಿದ್ದು ಹದಿನೇಳರ ಚಾರ್ಲ್ಸನನ್ನು. ಪಂದ್ಯ ಗೋಲಿಲ್ಲದೆ ಮುಗಿಯಿತು. ತಾನು ಎದುರಿಸಿದ ಸೆಂಟರ್ ಹಾಫ್‌ಗಳಲ್ಲಿ ಈ ಹುಡುಗನಿಗೆ ಸಮನಾದವರಿಲ್ಲವೆಂದು ಹ್ಯೂಲಿಸ್ಟನ್ ಒಪ್ಪಿಕೊಂಡ. ಮರುವರ್ಷ, ಹತ್ತೊಂಬತ್ತು ತುಂಬುವ ಮುನ್ನವೇ, ಚಾರ್ಲ್ಸ್ ವೇಲ್ಸಿನ ರಾಷ್ಟ್ರೀಯ ತಂಡದಲ್ಲಿದ್ದ.

ಆರಡಿ ಎರಡಂಗುಲದ ಆಳು. ಅದಕ್ಕೆ ತಕ್ಕ ಎದೆ, ತಕ್ಕ ತೊಡೆ. ಗಾಳಿಯಲ್ಲಿ ಬಂದ ಚೆಂಡಿಗೆ ಆತ ನೆಗೆದರೆ ಉಳಿದವರು ತಲೆಯೆತ್ತಿ ನೋಡುವುದಷ್ಟೇ ಉಳಿಯುತ್ತಿತ್ತು. 1952ರಲ್ಲಿ ಲೀಡ್ಸಿಗೆ ಗೋಲು ಹೊಡೆಯುವವರಿಲ್ಲದೆ ಪೇಚಿಗಿಟ್ಟುಕೊಂಡಾಗ ಬಕ್ಲಿ ಈ ತಡೆಗೋಡೆಯನ್ನೇ ಕಿತ್ತು ಮುಂದಕ್ಕೊಯ್ದು ಸೆಂಟರ್ ಫಾರ್ವರ್ಡ್ ಸ್ಥಾನದಲ್ಲಿಟ್ಟ. ಮರುವರ್ಷದ ಲೀಗಿನಲ್ಲಿ ಚಾರ್ಲ್ಸ್ 42 ಗೋಲು ಹೊಡೆದ. ಬಳಿಕ ಬಂದ ಮ್ಯಾನೇಜರ್ ರೈಕ್ ಕಾರ್ಟರ್ ಆತನನ್ನು ಕೆಲಕಾಲ ಮತ್ತೆ ಹಿಂದಕ್ಕೆ ಕರೆಸಿದ. ಅಲ್ಲಿಂದ ಮತ್ತೆ ಮುಂದಕ್ಕೆ. 1956ರಲ್ಲಿ ಲೀಡ್ಸ್ ಮೊದಲ ದರ್ಜೆಗೇರಿತು. ಮುಂದಿನ ವರ್ಷ ಆ ದರ್ಜೆಯಲ್ಲಿ 38 ಗೋಲುಗಳೊಡನೆ ಚಾರ್ಲ್ಸನೇ ಎಲ್ಲರಿಗಿಂತ ಮುಂದಿದ್ದ. ಹೀಗೆ ಅತ್ತಿಂದಿತ್ತ ಕಳುಹಿಸಿದರೂ ಆತ ಮರುಮಾತಿಲ್ಲದೆ ಹೋಗುತ್ತಿದ್ದ. ಈ ವಿಧೇಯತೆಯನ್ನು ಬರಿಯ ಸದ್ಗುಣವೆಂದು ಹೊಗಳಲು ನನಗೆ ಮನಸ್ಸಾಗದು. ಅಂದಿನ ಇಂಗ್ಲೆಂಡಿನ ವೃತ್ತಿ ಆಟಗಾರನಿಗೆ ಬೇರೆ ದಾರಿಯೇ ಇರಲಿಲ್ಲ. ಒಪ್ಪಂದ ಮುಗಿದರೂ ಕ್ಲಬ್ಬು ಬಿಟ್ಟುಕೊಡದೆ ಆತ ಬೇರೆಡೆ ಆಡುವಂತಿರಲಿಲ್ಲ. ಎಷ್ಟೇ ದೊಡ್ಡ ಆಟಗಾರನಾದರೂ ವಾರದ ಸಂಬಳ 20 ಪೌಂಡನ್ನು ಮೀರುವಂತಿರಲಿಲ್ಲ. ಆ ಮಿತಿ ರದ್ದಾದದ್ದು 1961ರಲ್ಲಿ.

1956ರ ಸೆಪ್ಟೆಂಬರಿನಲ್ಲಿ ಲೀಡ್ಸಿನ ಎಲೆಂಡ್ ರೋಡ್ ಮೈದಾನದ ಪಶ್ಚಿಮದ ಸ್ಟ್ಯಾಂಡ್ ಬೆಂಕಿಗೆ ಆಹುತಿಯಾಯಿತು. ಕ್ಲಬ್ಬಿಗೆ ಹಣ ಬೇಕಾಗಿತ್ತು. ಕೊಟ್ಟಿಗೆಯಲ್ಲಿ ಬೆಲೆಬಾಳುವ ಎತ್ತು ಒಂದೇ ಒಂದಿತ್ತು. 1957ರಲ್ಲಿ ಇಟಲಿಯ ಟ್ಯೂರಿನ್ ನಗರದ ಯುವೆಂಟಸ್ ಕ್ಲಬ್ಬು ಆತನನ್ನು 65,000 ಪೌಂಡಿಗೆ ಕೊಂಡಿತು. ಬ್ರಿಟನ್ನಿನ ಆಟಗಾರನೊಬ್ಬನಿಗೆ ಅದುವರೆಗೆ ಯಾರೂ ಅಷ್ಟು ತೆತ್ತಿರಲಿಲ್ಲ.

ಇಟಲಿಯಲ್ಲಿ ಆಟದ ರೀತಿಯೇ ಬೇರೆ. ಒಂದು ಗೋಲು ಹೊಡೆದು, ಉಳಿದ ಹೊತ್ತೆಲ್ಲ ಅದನ್ನು ಕಾಯುವುದು ಅಲ್ಲಿನ ಜಾಣತನ. ಚಾರ್ಲ್ಸನಂಥವನಿಗೆ ಇದಕ್ಕಿಂತ ತಕ್ಕ ನೆಲ ಸಿಕ್ಕುವಂತಿರಲಿಲ್ಲ. ಮುಂದೆ ನಿಂತು ಗೋಲು ಹೊಡೆಯುವುದು, ತಂಡ ಮುಂದಾದೊಡನೆ ಹಿಂದಕ್ಕೆ ಬಂದು ಆ ಗೋಲಿಗೆ ಕಾವಲು ನಿಲ್ಲುವುದು: ಗಳಿಸಿದವನೇ ಕಾಯುವವನೂ ಆದ. ಅರ್ಜೆಂಟೀನದ ಸಿವೊರಿ, ಇಟಲಿಯ ಬೊನಿಪೆರ್ತಿ ಇವರೊಡನೆ ಕೂಡಿ ಮೊದಲ ವರ್ಷವೇ ಯುವೆಂಟಸ್ಸನ್ನು ಚಾಂಪಿಯನ್ ಪದವಿಗೇರಿಸಿದ. ಲೀಗಿನಲ್ಲೆಲ್ಲ ಅತಿ ಹೆಚ್ಚು ಗೋಲು, 28, ಆತನದೇ. ಐದು ವರ್ಷಗಳಲ್ಲಿ ಮೂರು ಲೀಗ್ ಪ್ರಶಸ್ತಿಗಳು, ಎರಡು ಇಟಲಿ ಕಪ್ಪುಗಳು ಬಂದವು.

ಆದರೂ ಟ್ಯೂರಿನ್ನಿನ ಜನ ಆತನನ್ನು ಪ್ರೀತಿಸಿದ್ದು ಬೇರೊಂದು ಕಾರಣಕ್ಕೆ. ಅದೇ ಊರಿನ ಎದುರಾಳಿ ಟೊರಿನೊ ತಂಡದೊಡನೆ ಆಡಿದ ಮೊದಲ ಪಂದ್ಯದಲ್ಲಿ ಚೆಂಡಿಗಾಗಿ ಸೆಣಸುತ್ತಿದ್ದಾಗ ಆತನ ಮೊಳಕೈ ತಗುಲಿ ಟೊರಿನೊದ ರಕ್ಷಕನೊಬ್ಬ ನೆಲಕ್ಕುರುಳಿದ. ಚಾರ್ಲ್ಸನ ಮುಂದೆ ಗೋಲಿನ ದಾರಿ ತೆರೆದಿತ್ತು. ಆತ ಚೆಂಡನ್ನು ಗೆರೆಯಾಚೆ ಒದ್ದು, ಬಿದ್ದವನ ಆರೈಕೆಗೆ ಅನುವು ಮಾಡಿಕೊಟ್ಟ. ತುಂಟನೂ ಮುಂಗೋಪಿಯೂ ಆಗಿದ್ದ ಸಿವೊರಿ ಮೈದಾನದಲ್ಲಿ ಹಾರಾಡತೊಡಗಿದಾಗ ತನ್ನ ತಂಡದವನೇ ಆದ ಅವನ ಕೆನ್ನೆಗೆ ಒಂದೇಟು ಕೊಟ್ಟು ಸುಮ್ಮನಾಗಿಸಿದ್ದೂ ಉಂಟು! ಎದುರಾಳಿಯ ಮೇಲೆ ಮಾತ್ರ ಆತ ಕೈಮಾಡಿದವನಲ್ಲ; ರೆಫರಿಯ ಪುಸ್ತಕದಲ್ಲಿ ಹೆಸರು ಬರೆಸಿಕೊಂಡವನಲ್ಲ, ಮೈದಾನದಿಂದ ಹೊರದೂಡಿಸಿಕೊಂಡವನಲ್ಲ. ಇಟಲಿಯವರು ಆತನನ್ನು ಸೌಮ್ಯ ದೈತ್ಯನೆಂದೇ ಕರೆದರು.

ಈ ಸೌಮ್ಯತೆಗೆ ಆತ ಬೆಲೆ ತೆರಬೇಕಾಯಿತು. 1958ರಲ್ಲಿ ಸ್ವೀಡನ್ನಿನಲ್ಲಿ ವಿಶ್ವಕಪ್. ಇಸ್ರೇಲಿನೊಡನೆ ಆಡಲು ಅದರ ಗುಂಪಿನ ದೇಶಗಳು ಒಪ್ಪದಿರಲು, ಚೀಟಿ ಎತ್ತಿ ವೇಲ್ಸಿಗೆ ಆ ಅವಕಾಶ ದೊರೆತು, ಅದು ಗೆದ್ದು ಬಂದಿತ್ತು. ಇಟಲಿ ತಾನೇ ಅರ್ಹತೆ ಗಳಿಸಿರಲಿಲ್ಲ. ಆದರೂ ಅಲ್ಲಿನ ಅಧಿಕಾರಿಗಳು ಚಾರ್ಲ್ಸನನ್ನು ಬಿಟ್ಟುಕೊಡಲು ತಡಮಾಡಿದರು. ಪಂದ್ಯಗಳು ಆರಂಭವಾಗಲು ಕೆಲವೇ ದಿನಗಳಿದ್ದಾಗ ಆತ ತಂಡವನ್ನು ಕೂಡಿಕೊಂಡ. ಮೊದಲ ಪಂದ್ಯದಲ್ಲಿ ಹಂಗೆರಿಯ ವಿರುದ್ಧ ತಲೆಯಿಂದ ಒಂದು ಗೋಲು ಗಳಿಸಿ ತಂಡವನ್ನು ಉಳಿಸಿದ. ಮೂರು ಪಂದ್ಯಗಳೂ ಸಮನಾಗಿ ಮುಗಿದು, ಅದೇ ಹಂಗೆರಿಯೊಡನೆ ಮತ್ತೊಂದು ನಿರ್ಣಾಯಕ ಪಂದ್ಯವಾಡಬೇಕಾಯಿತು. ಅಂದು ಹಂಗೆರಿಯವರು ಚೆಂಡಿಗಿಂತ ಹೆಚ್ಚಾಗಿ ಚಾರ್ಲ್ಸನನ್ನೇ ಒದ್ದರು. ಆತ ತಿರುಗಿ ಒದೆಯಲಿಲ್ಲ. ವೇಲ್ಸ್ 2-1ರಿಂದ ಗೆದ್ದಿತು. ಚಾರ್ಲ್ಸ್ ಮಾತ್ರ ಕುಂಟುತ್ತಾ ಹೊರಬಂದ.

ಎರಡು ದಿನಗಳ ಬಳಿಕ ಗೋಥೆನ್‌ಬರ್ಗಿನಲ್ಲಿ ಬ್ರೆಜಿಲಿನೊಡನೆ ಕ್ವಾರ್ಟರ್ ಫೈನಲ್. ಆಡಲಾಗದ ಚಾರ್ಲ್ಸ್ ಹೊರಗೆ ಕುಳಿತು ನೋಡಿದ. ಸೆಂಟರ್ ಹಾಫ್ ಸ್ಥಾನದಲ್ಲಿ, ಅಂದರೆ ಅಣ್ಣನ ಮೊದಲ ಸ್ಥಾನದಲ್ಲಿ, ತಮ್ಮ ಮೆಲ್ ಚಾರ್ಲ್ಸ್ ನಿಂತಿದ್ದ, ಸೊಗಸಾಗಿಯೇ ತಡೆದ. ಎರಡನೆಯ ಅರ್ಧದಲ್ಲಿ ಹದಿನೇಳರ ಪೆಲೆ ವಿಶ್ವಕಪ್ಪಿನ ತನ್ನ ಮೊದಲ ಗೋಲನ್ನು ಹೊಡೆದ. ಪಂದ್ಯದಲ್ಲಿ ಆದ ಗೋಲು ಅದೊಂದೇ. ದೊಡ್ಡ ಚಾರ್ಲ್ಸ್ ಇದ್ದಿದ್ದರೆ ಏನಾಗುತ್ತಿತ್ತೆಂದು ವೇಲ್ಸಿನ ಜನ ಕೇಳಿಕೊಂಡದ್ದು ಸಹಜ. ಆತ ಇದ್ದಿದ್ದರೆ ಎಲ್ಲಿ ನಿಲ್ಲಿಸಬೇಕಾಗಿತ್ತು, ಮುಂದೆಯೋ ಹಿಂದೆಯೋ ಎಂಬ ಪ್ರಶ್ನೆಯನ್ನೂ ನಾನು ಕೇಳಿಕೊಂಡಿದ್ದೇನೆ. ಬಹುಶಃ ಎರಡು ಕಡೆಯೂ ಬೇಕಾಗಿದ್ದ.

ಮುಂದಿನದನ್ನು ಬೇಗ ಹೇಳಬಹುದು. 1962ರಲ್ಲಿ ಲೀಡ್ಸಿಗೆ ಮರಳಿದ, ಹನ್ನೊಂದು ಪಂದ್ಯಗಳಲ್ಲೇ ಅದು ಸರಿಹೋಗದೆ ರೋಮಾ ತಂಡಕ್ಕೆ ಹೋದ, ಅಲ್ಲಿಂದ ಕಾರ್ಡಿಫ್. ಮೊಣಕಾಲು ಹಳತಾದಂತೆ ಮತ್ತೆ ರಕ್ಷಣೆಗೆ ಸರಿದ. ಬಳಿಕ ಹೆರೆಫರ್ಡಿನಂಥ ಚಿಕ್ಕ ಊರಿನ ಕ್ಲಬ್ಬಿನಲ್ಲಿ ಆಡುತ್ತಲೇ ಮ್ಯಾನೇಜರ್ ಆದ. ವ್ಯಾಪಾರ ಆತನಿಗೆ ಒಗ್ಗಲಿಲ್ಲ. ಕೇಳಿದವರಿಗೆ ಇಲ್ಲವೆನ್ನಲು ಬಾರದವನು ಅಂಗಡಿಯಿಟ್ಟರೆ ಏನಾದೀತು? ಮೈದಾನದಲ್ಲಿ ಗಳಿಸಿದ್ದನ್ನು ಕಾಯಬಲ್ಲವನಾಗಿದ್ದ ಆತನ ಕೈಯಲ್ಲಿ ಹಣ ಮಾತ್ರ ನಿಲ್ಲಲಿಲ್ಲ.

ಟ್ಯೂರಿನ್ ಆತನನ್ನು ಮರೆಯಲಿಲ್ಲ. 1997ರಲ್ಲಿ ಯುವೆಂಟಸ್ ನೂರು ತುಂಬಿದಾಗ ಅದರ ಅಭಿಮಾನಿಗಳು ತಮ್ಮ ವಿದೇಶೀ ಆಟಗಾರರಲ್ಲೆಲ್ಲ ಶ್ರೇಷ್ಠನೆಂದು ಆರಿಸಿದ್ದು ಚಾರ್ಲ್ಸನನ್ನು. 2004ರ ಜನವರಿಯಲ್ಲಿ ದೂರದರ್ಶನದ ಸಂದರ್ಶನವೊಂದಕ್ಕಾಗಿ ಇಟಲಿಗೆ ಹೋಗಿದ್ದಾಗ ರಕ್ತನಾಳದ ಕಾಯಿಲೆಯಿಂದ ಕುಸಿದ. ಮಿಲಾನಿನಲ್ಲಿ ಶಸ್ತ್ರಚಿಕಿತ್ಸೆಯಾಯಿತು, ಪಾದವೊಂದರ ಭಾಗವನ್ನೂ ತೆಗೆಯಬೇಕಾಯಿತು. ಇಂಗ್ಲೆಂಡಿಗೆ ಕರೆತರಲು ವಿಮಾನದ ಏರ್ಪಾಟು ಮಾಡಿದ್ದು ಯುವೆಂಟಸ್. ಫೆಬ್ರವರಿ 21ರಂದು ವೇಕ್‌ಫೀಲ್ಡಿನ ಆಸ್ಪತ್ರೆಯಲ್ಲಿ, ಎಪ್ಪತ್ತೆರಡರ ವಯಸ್ಸಿನಲ್ಲಿ, ಆತ ತೀರಿಕೊಂಡ. ಶವಪೆಟ್ಟಿಗೆಯನ್ನು ಎಲೆಂಡ್ ರೋಡ್ ಮೈದಾನಕ್ಕೆ ಕೊಂಡೊಯ್ದರು. ಸುಟ್ಟುಹೋದ ಪಶ್ಚಿಮದ ಸ್ಟ್ಯಾಂಡಿನ ಜಾಗದಲ್ಲಿ ಬೇರೊಂದು ಎದ್ದು ಬಹಳ ಕಾಲವಾಗಿತ್ತು. ಅಲ್ಲಿ ಜನ ಕಾದು ನಿಂತಿದ್ದರು.