ಹುತಾತ್ಮ ಮಲ್ಲಪ್ಪ ಧನಶೆಟ್ಟಿ

ವಿಜಯಪುರದಿಂದ ಉತ್ತರಕ್ಕೆ ಸುಮಾರು 100 ಕಿಲೋಮೀಟರ್ ದೂರದಲ್ಲಿರುವ ಸೊಲ್ಲಾಪುರವು ಕನ್ನಡಿಗರಿಗೆ ಬಹುಕಾಲದಿಂದ ಪರಿಚಿತವಾದ ನಗರ. ಹನ್ನೆರಡನೆಯ ಶತಮಾನದಲ್ಲಿ ಶಿವಯೋಗಿ ಸಿದ್ಧರಾಮರು ಜನರ ಹಿತಕ್ಕಾಗಿ ಕೆರೆಯನ್ನು ಕಟ್ಟಿಸಿದ ಸೊನ್ನಲಿಗೆಯೇ ಇಂದಿನ ಸೊಲ್ಲಾಪುರ. ಮರಾಠಿ, ಕನ್ನಡ, ತೆಲುಗು, ಉರ್ದು ಭಾಷೆಗಳು ಇಲ್ಲಿ ಅಕ್ಕಪಕ್ಕದ ಮನೆಗಳಲ್ಲಿ ಬೆಳೆದಿವೆ. ಈ ನಗರದ ಲಿಂಗಾಯತ ಸಮಾಜದಲ್ಲಿ ಜನಿಸಿ, ನಾಡಿನ ಬಿಡುಗಡೆಗಾಗಿ ನೇಣುಗಂಬವನ್ನೇರಿದ ವೀರರು ಮಲ್ಲಪ್ಪ ಧನಶೆಟ್ಟಿಯವರು.

ಮಲ್ಲಪ್ಪನವರ ಬಾಳನ್ನು ಅರಿಯಬೇಕಾದರೆ ಅವರು ಬೆಳೆದ ಸೊಲ್ಲಾಪುರವನ್ನು ಮೊದಲು ಅರಿಯಬೇಕು. 1877ರಲ್ಲಿ ಅಲ್ಲಿ ಮೊದಲ ಹತ್ತಿ ಗಿರಣಿ ಕೆಲಸವನ್ನಾರಂಭಿಸಿತು. ಅದು ಘೋರವಾದ ಬರಗಾಲ. 1876ರಿಂದ 1878ರವರೆಗೆ ಮಳೆ ಬೆಳೆಗಳಿಲ್ಲದೆ ವಿಜಯಪುರದ ಸೀಮೆ ಬೆಂದುಹೋಗಿತ್ತು. ತಿಕೋಟಾ, ಬಬಲೇಶ್ವರಗಳಂತಹ ಊರುಗಳಿರುವ ಈ ಬಯಲು ಸೀಮೆಯಲ್ಲಿ ಮಳೆ ಕೈಕೊಟ್ಟರೆ ರೈತನಿಗೆ ಗುಳೆ ಹೋಗುವುದೊಂದೇ ದಾರಿ. ಮುಂದೆ 1884ರಲ್ಲಿ ವಿಜಯಪುರಕ್ಕೆ ಹೋಟಗಿಯ ಮೂಲಕ ರೈಲು ಬಂದಿತು. ಸೊಲ್ಲಾಪುರದ ಹಾದಿ ಸುಗಮವಾಯಿತು. ನೇಗಿಲು ಹಿಡಿದ ಕೈಗಳು ನೂಲಿನ ಯಂತ್ರಗಳನ್ನು ನಡೆಸತೊಡಗಿದವು.

ಗಿರಣಿಯ ಬಾಳು ಸುಖದ್ದಾಗಿರಲಿಲ್ಲ. ಬೆಳಗಿನ ಜಾವದಲ್ಲಿ ಭೋಂಗಾ ಕೂಗಿದೊಡನೆ ಗಂಡಸರು, ಹೆಂಗಸರು, ಮಕ್ಕಳು ಚಾಳುಗಳಿಂದ ಹೊರಬೀಳುತ್ತಿದ್ದರು. ಹತ್ತಿಯ ಧೂಳು ಎದೆಯನ್ನು ಸೇರುತ್ತಿತ್ತು. ಯಂತ್ರಗಳ ಸದ್ದು ಕಿವಿಯನ್ನು ಮಂದಗೊಳಿಸುತ್ತಿತ್ತು. ಗಂಡಸರ ದುಡಿಮೆಗೆ ದಿನಕ್ಕೆ 12 ಗಂಟೆಗಳ ಮಿತಿ ದೊರೆತದ್ದು 1911ರ ಕಾನೂನಿನಿಂದ. ಅದು 11 ಗಂಟೆಗೆ ಇಳಿದದ್ದು 1922ರ ಕಾನೂನಿನಿಂದ. ಬೆಲೆಗಳು ಏರಿದರೂ ಕೂಲಿ ಅದಕ್ಕೆ ತಕ್ಕಂತೆ ಏರಲಿಲ್ಲ. 1920ರ ಆರಂಭದಲ್ಲಿ ನಗರದ ಸುಮಾರು 16,000 ಗಿರಣಿ ಕಾರ್ಮಿಕರು ಮುಷ್ಕರ ಹೂಡಿದರು. ಒಬ್ಬೊಬ್ಬನೇ ಬೇಡಿದರೆ ದೊರೆಯದುದನ್ನು ಒಗ್ಗಟ್ಟಿನಿಂದ ಕೇಳಬೇಕೆಂಬ ಪಾಠವನ್ನು ಸೊಲ್ಲಾಪುರ ಹೀಗೆ ಕಲಿಯಿತು.

ಮಲ್ಲಪ್ಪನವರು ಪಾಂಡಿತ್ಯದಿಂದಾಗಲಿ ಸಂಪತ್ತಿನಿಂದಾಗಲಿ ಹೆಸರು ಗಳಿಸಿದವರಲ್ಲ. ಜನರ ನಡುವೆ ಓಡಾಡಿ, ಜನರ ವಿಶ್ವಾಸವನ್ನು ಗಳಿಸಿದ ಕಾಂಗ್ರೆಸ್ ಕಾರ್ಯಕರ್ತರು ಅವರು. 1930ರಲ್ಲಿ ಉಪ್ಪಿನ ಸತ್ಯಾಗ್ರಹ ಆರಂಭವಾದಾಗ ನಗರದ ವ್ಯಾಪಾರಿಗಳು, ವಿದ್ಯಾರ್ಥಿಗಳು, ಗಿರಣಿಯ ದುಡಿಮೆಗಾರರು ಒಂದೇ ಧ್ವಜದ ಕೆಳಗೆ ನಿಂತರು. ಆ ಹೋರಾಟದಲ್ಲಿ ಶ್ರೀಕಿಸನ್ ಸಾರಡಾ, ಜಗನ್ನಾಥ ಶಿಂದೆ, ಕುರ್ಬಾನ್ ಹುಸೇನ್ ಅವರೂ ಮಲ್ಲಪ್ಪನವರಂತೆಯೇ ದುಡಿದರು. ಇವರಲ್ಲಿ ಕುರ್ಬಾನ್ ಹುಸೇನರು ಕಾರ್ಮಿಕರ ನಡುವೆ ಕೆಲಸ ಮಾಡುತ್ತಿದ್ದ ತರುಣ ಪತ್ರಕರ್ತರು. ನಾಲ್ವರ ಜಾತಿ ಮತಗಳು ಬೇರೆ. ಗುರಿ ಮಾತ್ರ ಒಂದೇ.

ಮೇ 5ರಂದು ಗಾಂಧೀಜಿಯವರ ಬಂಧನವಾಯಿತು. ಸುದ್ದಿ ಸೊಲ್ಲಾಪುರವನ್ನು ಮುಟ್ಟಿದೊಡನೆ ಜನ ಕೆರಳಿದರು. ಮೇ 7ರಿಂದ ಗಿರಣಿ ಕಾರ್ಮಿಕರು ಕೆಲಸವನ್ನು ನಿಲ್ಲಿಸಿದರು. ಮರುದಿನ ನಗರದ ಹೊರವಲಯದಲ್ಲಿ ಸಿಂದಿ ಮರಗಳನ್ನು ಕಡಿಯುವ ಸತ್ಯಾಗ್ರಹ ನಡೆಯಿತು, ಬಂಧನಗಳಾದವು. ಸೇರಿದ ಜನರ ಮೇಲೆ ಗುಂಡುಗಳು ಹಾರಿದವು. ಶಂಕರ ಶಿವದಾರೆ ಎಂಬ ತರುಣನು ಬಲಿಯಾದನು. ಆ ಉದ್ರೇಕದ ನಡುವೆಯೂ ಮಲ್ಲಪ್ಪನವರು ಜನರನ್ನು ಸಮಾಧಾನಪಡಿಸಿ ಅಧಿಕಾರಿಗಳ ಪ್ರಾಣವನ್ನು ಉಳಿಸಿದರೆಂದು ಸೊಲ್ಲಾಪುರದಲ್ಲಿ ಹೇಳುತ್ತ ಬಂದಿದ್ದಾರೆ. ಆದರೆ ಅಂದು ಕಿಚ್ಚು ಆರಲಿಲ್ಲ. ಮಂಗಳವಾರ ಪೇಟೆಯ ಪೊಲೀಸ್ ಠಾಣೆಗೆ ಬೆಂಕಿ ಬಿದ್ದಿತು, ಪೊಲೀಸರು ಹತರಾದರು.

ಕೆಲವು ದಿನಗಳ ಕಾಲ ಸರಕಾರದ ಅಧಿಕಾರ ನಗರದಲ್ಲಿ ನಡೆಯಲಿಲ್ಲ. ಸ್ವಯಂಸೇವಕರೇ ಬೀದಿಗಳಲ್ಲಿ ನಿಂತು ಸಂಚಾರವನ್ನು ನಿಯಂತ್ರಿಸಿದರು. ಇದನ್ನು ಸಹಿಸದ ಸರಕಾರ ಸೈನ್ಯವನ್ನು ಕರೆಸಿತು. ಮೇ ತಿಂಗಳ ನಡುವಿನಲ್ಲಿ ಮಾರ್ಷಲ್ ಲಾ ಜಾರಿಗೆ ಬಂದು ಜೂನ್ ಕೊನೆಯವರೆಗೂ ಉಳಿಯಿತು. ಗಾಂಧಿ ಟೋಪಿಯನ್ನು ಧರಿಸುವುದೂ ರಾಷ್ಟ್ರಧ್ವಜವನ್ನು ಹಿಡಿಯುವುದೂ ಅಪರಾಧವೆನಿಸಿತು. ತಲೆಯ ಮೇಲಿನ ಒಂದು ತುಂಡು ಖಾದಿಗೆ ಸಾಮ್ರಾಜ್ಯವೊಂದು ಅಂಜಿದ ಕಾಲವದು.

ಪೊಲೀಸರ ಕೊಲೆಯ ಆರೋಪವನ್ನು ಮಲ್ಲಪ್ಪನವರ ಮೇಲೂ ಅವರ ಮೂವರು ಸಂಗಡಿಗರ ಮೇಲೂ ಹೊರಿಸಲಾಯಿತು. ವಿಚಾರಣೆಯ ಕೊನೆಯಲ್ಲಿ ನಾಲ್ವರಿಗೂ ಮರಣದಂಡನೆ ವಿಧಿಸಲ್ಪಟ್ಟಿತು. ಮುಂಬಯಿ ಹೈಕೋರ್ಟಿನಲ್ಲಿಯೂ ಅವರಿಗೆ ಬಿಡುಗಡೆ ದೊರೆಯಲಿಲ್ಲ. ಇವರು ನಿರಪರಾಧಿಗಳೆಂದೂ ಶಿಕ್ಷೆಯನ್ನು ರದ್ದುಪಡಿಸಬೇಕೆಂದೂ ಜನರು ಒತ್ತಾಯಿಸಿದರು. ಸರಕಾರ ಕಿವಿಗೊಡಲಿಲ್ಲ. 1931ನೆಯ ಜನವರಿ 12ರಂದು ಪುಣೆಯ ಯರವಡಾ ಸೆರೆಮನೆಯಲ್ಲಿ ನಾಲ್ವರನ್ನೂ ಗಲ್ಲಿಗೇರಿಸಲಾಯಿತು. ಸಂಕ್ರಾಂತಿಗೆ ಎರಡೇ ದಿನ ಉಳಿದಿತ್ತು. ಸಿದ್ಧೇಶ್ವರನ ಜಾತ್ರೆಯ ಸಡಗರ ತುಂಬಬೇಕಾಗಿದ್ದ ಸೊಲ್ಲಾಪುರದಲ್ಲಿ ಆ ವರ್ಷ ಶೋಕ ತುಂಬಿತು.

ಪೊಲೀಸರ ಸಾವು ದುಃಖದ ಸಂಗತಿಯೇ ಸರಿ. ಅವರೂ ಇದೇ ನಾಡಿನ ಬಡವರ ಮಕ್ಕಳು. ಆದರೆ ಸಾವಿರಾರು ಜನರ ಉದ್ರೇಕಕ್ಕೆ ನಾಲ್ವರನ್ನು ಹೊಣೆ ಮಾಡಿ, ಇಡೀ ನಗರಕ್ಕೆ ಭಯವನ್ನು ಕಲಿಸಹೊರಟ ಆಡಳಿತ ತನ್ನ ಉದ್ದೇಶದಲ್ಲಿ ಸೋತಿತು. 1934ರಲ್ಲಿ ಅದೇ ನಗರದ ಕಾರ್ಮಿಕರು ಮತ್ತೆ ಮುಷ್ಕರ ಹೂಡಿದರು. ಸ್ವತಂತ್ರ ಭಾರತದಲ್ಲಿ 1948ರ ಕಾರ್ಖಾನೆ ಕಾನೂನು ವಾರದ ದುಡಿಮೆಯನ್ನು 48 ಗಂಟೆಗಳಿಗೆ ಮಿತಗೊಳಿಸಿತು.

ಸೊಲ್ಲಾಪುರದ ಹಳೆಯ ಗಿರಣಿಗಳು ಬಹುಪಾಲು ಮುಚ್ಚಿಹೋಗಿವೆ. ಅವುಗಳ ಭೋಂಗಾ ಈಗ ಕೂಗುವುದಿಲ್ಲ. ಆದರೆ ನಗರದ ನಡುವೆ ನಾಲ್ವರು ಹುತಾತ್ಮರ ಪ್ರತಿಮೆಗಳು ಒಂದೇ ಕಡೆ ನಿಂತಿವೆ. ಪ್ರತಿವರ್ಷ ಜನವರಿ 12ರಂದು ಜನ ಅಲ್ಲಿ ಸೇರಿ ಹೂಮಾಲೆಗಳನ್ನು ಅರ್ಪಿಸುತ್ತಾರೆ. ದೊಡ್ಡ ಹುದ್ದೆಯಲ್ಲಿಲ್ಲದ ಸಾಮಾನ್ಯ ಮನುಷ್ಯನೂ ತನ್ನ ಜನರೊಡನೆ ದೃಢವಾಗಿ ನಿಂತರೆ ನಾಡಿನ ಇತಿಹಾಸದಲ್ಲಿ ಸ್ಥಾನ ಪಡೆಯುತ್ತಾನೆಂಬುದಕ್ಕೆ ಮಲ್ಲಪ್ಪ ಧನಶೆಟ್ಟಿಯವರ ಬಾಳೇ ಸಾಕ್ಷಿ.