ಹಂಬೋಲ್ಟ್ ಕಂಡ ಭೂಮಿತಾಯಿ

ಅಲೆಕ್ಸಾಂಡರ್ ಫಾನ್ ಹಂಬೋಲ್ಟ್ ಅಂದ್ರೆ ನಾವೆಲ್ಲ ಭೂಗೋಳದ ವಿಜ್ಞಾನಿ ಅಂದ್ಕೊಳ್ತೀವಿ. ಆದರೆ ಅವರು ಓದಿದ್ದು ಮೈನಿಂಗ್. 1769ರಲ್ಲಿ ಬರ್ಲಿನ್‌ನಲ್ಲಿ ಹುಟ್ಟಿ, ಫ್ರೈಬರ್ಗ್‌ನಲ್ಲಿ ಕಲಿತು ಗಣಿ ಅಧಿಕಾರಿಯಾದರು. ತಾಯಿ ತೀರಿಕೊಂಡ ಮೇಲೆ ಬಂದ ಆಸ್ತಿಯ ದುಡ್ಡಲ್ಲಿ 1799ರಲ್ಲಿ ಅಮೆರಿಕ ಖಂಡಕ್ಕೆ ಹೊರಟರು.

1803ರಲ್ಲಿ ಮೆಕ್ಸಿಕೋ ನಗರಕ್ಕೆ ಬಂದಾಗ ಅವರು ನೋಡಬೇಕೆಂದ ಒಂದು ಶಿಲ್ಪ ಮಣ್ಣಿನಡಿ ಇತ್ತು. ಅದು ಅಜ್ಟೆಕ್ ಜನರ ಭೂಮಿತಾಯಿ ಕೋವಾಟ್ಲಿಕ್ವೆ. ಹಾವುಗಳ ಲಂಗ, ಕೊರಳಲ್ಲಿ ಕೈ ಮತ್ತು ಹೃದಯಗಳ ಹಾರ. ಹುಟ್ಟಿಸೋಳೂ ಅವಳೇ, ನುಂಗೋಳೂ ಅವಳೇ. ಹಿಂದೆ ಹೂವಿನ ಕೆಲಸದವರು ವಸಂತದಲ್ಲಿ ಅವಳ ಹಬ್ಬ ಮಾಡುತ್ತಿದ್ದರು.

1790ರಲ್ಲಿ ನಗರದ ಚೌಕ ಅಗೆಯುವಾಗ ಈ ಶಿಲ್ಪ ಸಿಕ್ಕಿತ್ತು. ವಿಶ್ವವಿದ್ಯಾಲಯದಲ್ಲಿ ಇಟ್ಟರು. ಮೂಲನಿವಾಸಿಗಳು ಬಂದು ಮೇಣದಬತ್ತಿ ಹಚ್ಚತೊಡಗಿದರು. ಹಳೇ ಪೂಜೆ ಮತ್ತೆ ಶುರುವಾಗುತ್ತೆ ಅಂತ ಹೆದರಿ ಅಲ್ಲೇ ಹೂತುಬಿಟ್ಟರು. ಹಂಬೋಲ್ಟ್ ಬಿಷಪ್ ಒಬ್ಬರಿಂದ ಹೇಳಿಸಿ ತೆಗೆಸಿ ನೋಡಿದರು. ಆಮೇಲೆ ಮತ್ತೆ ಮಣ್ಣು! ಆದರೂ ತಮ್ಮ ಪುಸ್ತಕದಲ್ಲಿ ಚಿತ್ರ ಹಾಕಿ ಯುರೋಪಿಗೆ ತೋರಿಸಿದರು. ಆಸ್ತಿಯೆಲ್ಲ ಪ್ರವಾಸಕ್ಕೆ, ಪುಸ್ತಕಗಳಿಗೆ ಕರಗಿತು. 1859ರಲ್ಲಿ ತೀರಿಕೊಂಡರು.

ದೇವಿ ಈಗ ಅಲ್ಲಿನ ರಾಷ್ಟ್ರೀಯ ಮಾನವಶಾಸ್ತ್ರ ಮ್ಯೂಸಿಯಂನಲ್ಲಿ ನಿಂತಿದ್ದಾಳೆ. ಅಂದು ಕೈಮುಗಿಯೋಕೆ ಬಂದವರಿಗೆ ತಪ್ಪಿಸಿದ ದರ್ಶನ, ಅಧ್ಯಯನಕ್ಕೆ ಬಂದವರಿಗೆ ಸಿಕ್ಕಿತು. ವಿಜ್ಞಾನ ಓದೋ ನಮ್ಮನ್ನ ಕಾಡೋದು ಇದೇ.